ಸಮ್ನಿಯಂಗ್ ಇನ್ನಿಲ್ಲ

ವಲಸೆ ಕಚೇರಿಯ ಎದುರಿಗೇ ಹತ್ತೊಂಬತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಮನುಷ್ಯನಿಗೆ ಸ್ವಲ್ಪ ಜಂಬ ಇರುತ್ತದೆ. ಇರಬೇಕು ಕೂಡ. ಒಳಗೆ ಅಧಿಕಾರಿಗಳು ಮುದ್ರೆ ಒತ್ತುತ್ತಾರೆ, ಒಪ್ಪಿದೆ. ಆದರೆ ಆ ಮುದ್ರೆಗೆ ಬೇಕಾದ ಕಾಗದವೆಲ್ಲ ನನ್ನ ಯಂತ್ರದ ಹೊಟ್ಟೆಯಿಂದ ಹುಟ್ಟಿ ಹೋಗಬೇಕಲ್ಲ! ಪರಂಗಿಗಳು ಬೆವರು ಒರೆಸಿಕೊಳ್ಳುತ್ತ ಬಂದು 'ಇದಕ್ಕೇನು ಬೇಕು, ಅದಕ್ಕೇನು ಬೇಕು' ಎಂದು ಕೇಳುತ್ತಾರೆ. ನಾನು ಇಲ್ಲಿಯತನಕ ಒಬ್ಬರಿಗೂ 'ಗೊತ್ತಿಲ್ಲ' ಎಂದವನಲ್ಲ. ಗೊತ್ತಿದ್ದರೆ ಗೊತ್ತು ಎನ್ನುತ್ತೇನೆ. ಗೊತ್ತಿಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಗೊತ್ತು ಎನ್ನುತ್ತೇನೆ. ಈ ಒಂದು ಗುಣದಿಂದಲೇ ಹೋದ ತಿಂಗಳು ಬದುಕಿರುವ ನನ್ನ ಅಕ್ಕನ ಸಾವಿಗೆ ಊರೆಲ್ಲ ಅಕ್ಕಿ ಹೊತ್ತುಕೊಂಡು ಬರುವ ಹಾಗಾಯಿತು.

ನನ್ನನ್ನು ಎಲ್ಲರೂ ಜುಕ್ ಎನ್ನುತ್ತಾರೆ. ಸೀಸೆಯ ಬಿರಡೆ ಎಂದು ಅರ್ಥ. ಕಾಗದದಲ್ಲಿ ಬೇರೆ ಹೆಸರಿದೆ, ಅದು ನನ್ನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ. ನಮ್ಮ ಕಡೆ ಹಾಗೇ. ಕಾಗದದ ಹೆಸರು ಪೆಟ್ಟಿಗೆಯಲ್ಲಿ ಮಲಗಿರುತ್ತದೆ, ಮನುಷ್ಯ ಅಡ್ಡಹೆಸರಿನಲ್ಲಿ ಊರು ತಿರುಗುತ್ತಿರುತ್ತಾನೆ. ಅಕ್ಕ ಹುಟ್ಟಿದ ದಿನ ಅಪ್ಪ ಗದ್ದೆಯಲ್ಲಿ ಏಡಿ ಹಿಡಿಯುತ್ತಿದ್ದನಂತೆ. ಅದಕ್ಕೆ ಅವಳು ಪೂ, ಎಂದರೆ ಏಡಿ. ಐವತ್ತೆರಡು ವರ್ಷದಿಂದ ಊರಿಗೆಲ್ಲ ಅವಳು ಪೂ. ಕಾಗದದಲ್ಲಿ ಅವಳು ಸಮ್ನಿಯಂಗ್ ಎಂಬುದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ.

ಅಕ್ಕನ ಗಂಡ ಪ್ರೆಬೆನ್ ಡೆನ್ಮಾರ್ಕಿನವನು. ಅಲ್ಲಿ ಬಸ್ಸು ಓಡಿಸುತ್ತಿದ್ದು ನಿವೃತ್ತನಾಗಿ ಬಂದವನು. ಸಾಧು ಪ್ರಾಣಿ. ನಮ್ಮ ಭಾಷೆಯನ್ನು ಅಕ್ಕನ ಬಾಯಿಂದಲೇ ಕಲಿತ. ಹಾಗಾಗಿ ಗಂಡಸರು ಮಾತಿನ ಕೊನೆಗೆ ಸೇರಿಸುವ 'ಖ್ರಪ್' ಬಿಟ್ಟು, ಹೆಂಗಸರು ಮರ್ಯಾದೆಗೆ ಸೇರಿಸುವ 'ಖಾ' ಸೇರಿಸುತ್ತಾನೆ. ಆರಡಿ ಮೂರಂಗುಲದ ಆಳು, ಗಡ್ಡ ಮೀಸೆ ಬೇರೆ, ಬಾಯಿ ತೆರೆದರೆ 'ಊಟ ಆಯ್ತು ಖಾ'! ಮೊದಮೊದಲು ಊರು ಬಿದ್ದು ಬಿದ್ದು ನಕ್ಕಿತು. ನಾನು ತಿದ್ದಲು ಹೋದೆ. "ನನ್ನ ಹೆಂಡತಿ ಹಿಂಗೇ ಮಾತಾಡೋದು ಖಾ," ಎಂದ. ಅಲ್ಲಿಗೆ ಮುಗಿಯಿತು.

ಭಾವ ನಮ್ಮ ದೇಶದಲ್ಲಿ ಇದ್ದದ್ದು ಕಂತು ಕಂತಿನಲ್ಲಿ. ತೊಂಬತ್ತು ದಿನ ಇರುವುದು, ಬಸ್ಸು ಹತ್ತಿ ನದಿ ದಾಟಿ ಲಾವೋಸ್‌ಗೆ ಹೋಗುವುದು, ಮುದ್ರೆ ಹಾಕಿಸಿಕೊಂಡು ವಾಪಸು ಬರುವುದು, ಮತ್ತೆ ತೊಂಬತ್ತು ದಿನ. ಒಂದು ಸಲ 'ಹೆಂಡತಿ ಇಲ್ಲಿಯವಳು' ಎಂದು ಅರವತ್ತು ದಿನ ಹೆಚ್ಚಿಗೆ ಕೊಟ್ಟಿದ್ದರು. ಈಚೆಗೆ ಅವನ ಮೊಣಕಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವಾಗಲೇ ಕಣ್ಣಲ್ಲಿ ನೀರು. ಅದಕ್ಕೇ ಈ ಸಲ ಮದುವೆಯ ಆಧಾರದ ಮೇಲೆ ಒಂದೇ ಏಟಿಗೆ ಒಂದು ವರ್ಷದ ಅನುಮತಿ ಕೇಳೋಣ ಎಂದು ತೀರ್ಮಾನವಾಯಿತು. ಸಿಕ್ಕಿದರೆ ವರ್ಷ. ಸಿಕ್ಕದಿದ್ದರೆ ಏಳು ದಿನದೊಳಗೆ ದೇಶ ಬಿಡಬೇಕು.

ಈ ಏಳು ದಿನದ ಮಾತು ಕೇಳಿ ಅಕ್ಕ ಕುಸಿದು ಕೂತಳು. ಅವಳಿಗೆ ಮೊದಲೊಬ್ಬ ಗಂಡನಿದ್ದ. ಊರ ಮುಂದೆ ಆದ ಮದುವೆ, ಕಾಗದ ಇರಲಿಲ್ಲ. ಎರಡು ವರ್ಷ ದುಡಿದು ಬರುತ್ತೇನೆ ಎಂದು ತೈವಾನಿಗೆ ಹೋದವನು ಹದಿನಾಲ್ಕು ವರ್ಷವಾದರೂ ಬರಲಿಲ್ಲ.

"ಜುಕ್, ಹೋದೋರು ಬರಲ್ಲ ಕಣೋ," ಎಂದಳು. "ಇವರು ಹೋಗೋ ಹಾಗಾದ್ರೆ ನಾನು ಉಳಿಯಲ್ಲ."

"ಯಾರು ಕಳಿಸ್ತಾರೆ ಭಾವನ್ನ? ನಾನೇನು ಸತ್ತೋಗಿದ್ದೀನಾ?" ಎಂದೆ ನಾನು. "ಏಜೆಂಟೂ ಬೇಡ ಗೀಜೆಂಟೂ ಬೇಡ. ಎಲ್ಲಾ ನನಗೆ ಗೊತ್ತು."

ಫೈಲು ತಯಾರು ಮಾಡಿದೆ. ಏನು ಫೈಲು ಅಂತೀರಿ! ಮದುವೆಯ ದಾಖಲೆ, ಮನೆಯ ದಾಖಲೆ, ಮನೆಗೆ ಬರುವ ದಾರಿಯ ನಕ್ಷೆ, ಎಲ್ಲಾ ಮೂರು ಮೂರು ಪ್ರತಿ. ಗಂಡ ಹೆಂಡತಿ ನಿಜಕ್ಕೂ ಜೊತೆಯಲ್ಲಿದ್ದಾರೆ ಎಂಬುದಕ್ಕೆ ಫೋಟೋ ಬೇಕು: ಮನೆ ನಂಬರಿನ ಮುಂದೆ ಒಂದು, ಹಜಾರದಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು. ಮೂರನೆಯದಕ್ಕೆ ಅಕ್ಕ ನಾಚಿಕೊಂಡು ಮಂಚದ ಈ ತುದಿಗೆ ಕೂತಳು, ಭಾವ ಆ ತುದಿಗೆ. ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ.

"ಹತ್ತಿರ ಕೂತ್ಕೊಳ್ರೇ! ಬಸ್ ನಿಲ್ದಾಣದಲ್ಲಿ ಕೂತಂಗೆ ಕೂತಿದ್ದೀರಲ್ಲ!" ಎಂದು ಪಕ್ಕದ ಮನೆಯ ಲಮೈ ದೊಡ್ಡಮ್ಮ ಕಿಟಕಿಯಿಂದ ಕೂಗಿದರು. ದೊಡ್ಡಮ್ಮನ ತಲೆ ಕನ್ನಡಿಯಲ್ಲಿ ಬಿದ್ದು ಆ ಫೋಟೋದಲ್ಲಿ ಮೂರು ಜನ ಆದರು. ಇರಲಿ, ಸಾಕ್ಷಿ ಹೆಚ್ಚಾದಷ್ಟೂ ಒಳ್ಳೆಯದು ಎಂದು ಅದನ್ನೇ ಲಗತ್ತಿಸಿದೆ. ಗುರುತಿನ ಸಾಕ್ಷಿಯಾಗಿ ನಾನೇ ಸಹಿ ಹಾಕಿದೆ: 'ಸಮ್ನಿಯಂಗ್ ಎಂಬುವರನ್ನು ಹುಟ್ಟಿದಂದಿನಿಂದ ಬಲ್ಲೆ.' ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು ಎಂಬುದು ಸಹಿ ಹಾಕಿದ ಮೇಲೆ ಹೊಳೆಯಿತು.

ಕಚೇರಿಯವರು ಫೈಲು ತೆಗೆದುಕೊಂಡು 'ಪರಿಶೀಲನೆಯಲ್ಲಿದೆ' ಎಂದು ಮೂವತ್ತು ದಿನಕ್ಕೆ ಮುದ್ರೆ ಹಾಕಿದರು. ಅಷ್ಟರೊಳಗೆ ಅಧಿಕಾರಿಗಳು ಮನೆಗೆ ಬಂದು ನೋಡುತ್ತಾರೆ, ಆಮೇಲೆ ವರ್ಷವೋ, ಏಳು ದಿನವೋ ತೀರ್ಮಾನ.

ಇನ್ನು ಮುಂದಿನದು ನನಗೆ ಆಮೇಲೆ ತಿಳಿದದ್ದು. ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ, ನಾನು ಪಟ್ಟ ಪಾಡು ನೀವೂ ಪಡಬೇಕಾಗಿಲ್ಲ. ಅಕ್ಕನಿಗೆ ಮೂವತ್ತು ದಿನ ಸುಮ್ಮನೆ ಕೂತಿರಲು ಆಗಲಿಲ್ಲ. ಯಾರಿಗೂ ಹೇಳದೆ ವಿಹಾರದ ಹಿರಿಯ ಗುರುಗಳ ಹತ್ತಿರ ಹೋದಳು. ಗುರುಗಳು ಅವಳ ಹುಟ್ಟಿದ ವಾರ ಕೇಳಿದರು. ಭಾನುವಾರ. ಹೆಸರು ಕೇಳಿದರು. ಸಮ್ನಿಯಂಗ್. ಗುರುಗಳು ಬೆಚ್ಚಿಬಿದ್ದರಂತೆ.

"ಭಾನುವಾರ ಹುಟ್ಟಿದೋಳ ಹೆಸರಲ್ಲಿ 'ಸ' ಅಕ್ಷರವೇ! ಅದು ನಿನ್ನ ಪಾಲಿನ ಅನಿಷ್ಟ ಅಕ್ಷರ ತಾಯಿ. ಅದನ್ನ ಇಟ್ಕೊಂಡು ಇಷ್ಟು ದಿನ ಹೇಗೆ ಬಾಳಿದೆ? ಗಂಡ ನಿಲ್ತಾನಾ ಮನೇಲಿ?"

"ಒಬ್ಬರು ನಿಲ್ಲಲಿಲ್ಲ ಗುರುಗಳೇ," ಎಂದಳಂತೆ ಅಕ್ಕ, ಅಳುತ್ತ.

ಗುರುಗಳು ಪಟ್ಟಿ ನೋಡಿ ಹೊಸ ಹೆಸರು ಆರಿಸಿಕೊಟ್ಟರು: ಕನ್ಯಾಪಕ್. ಭಾಗ್ಯವುಳ್ಳ ಕನ್ಯೆ ಎಂದು ಅರ್ಥ. ಐವತ್ತೆರಡರ ಕನ್ಯೆ ಮಂಗಳವಾರ ಬೆಳಿಗ್ಗೆ ತಾಲ್ಲೂಕು ಕಚೇರಿಗೆ ಹೋಗಿ ಅರ್ಧ ಗಂಟೆಯಲ್ಲಿ ಹೆಸರು ಬದಲಾಯಿಸಿಕೊಂಡು, ಹೊಸ ಗುರುತಿನ ಚೀಟಿ ತೆಗೆದುಕೊಂಡು ಬಂದಳು. ಇದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ, ಕೆಲವರು ಅಂಗಿ ಬದಲಾಯಿಸಿದ ಹಾಗೆ ಹೆಸರು ಬದಲಾಯಿಸುತ್ತಾರೆ. ಆದರೆ ಗುರುಗಳು ಒಂದು ಕಟ್ಟಳೆ ಹಾಕಿದ್ದರು. ಕೋರಿದ ಕೆಲಸ ಕೈಗೂಡುವವರೆಗೆ ಹಳೆಯ ಹೆಸರು ತನ್ನದೆಂದು ಹೇಳಬಾರದು. ಯಾರಾದರೂ ಆ ಹೆಸರು ಹಿಡಿದು ಕರೆದರೆ ಓಗೊಡಬಾರದು. ಓಗೊಟ್ಟರೆ ಅನಿಷ್ಟ ಬಾಗಿಲಿನಿಂದ ವಾಪಸು ಬರುತ್ತದೆ.

ಅಧಿಕಾರಿಗಳು ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬರುತ್ತೇವೆ ಎಂದಿದ್ದರು. ಸರ್ಕಾರ ಎರಡು ಎಂದರೆ ನಾಲ್ಕು, ಇದು ನನಗೆ ಗೊತ್ತು. ಬೆಳಿಗ್ಗೆ ಹತ್ತಕ್ಕೆ ನಾನು ಭಾವನನ್ನು ನೋಡಿ, "ಏನ್ ಭಾವ ಈ ಅವತಾರ? ಮುಖದ ತುಂಬ ಗಡ್ಡ, ಕಾಡಿಂದ ಬಂದಂಗಿದ್ದೀರಿ. ಹೋಗಿ ನುಣ್ಣಗೆ ಮಾಡಿಸ್ಕೊಂಡು ಬನ್ನಿ," ಎಂದು ಕ್ಷೌರದಂಗಡಿಗೆ ಅಟ್ಟಿದೆ.

ಹತ್ತೂವರೆಗೆ ಜೀಪು ಬಂದು ನಿಂತಿತು. ಇಳಿದವರು ಪ್ರಾನೊಮ್ ಮೇಡಂ. ಮೂರು ವಾರದ ಹಿಂದೆ ವರ್ಗವಾಗಿ ಬಂದವರು, ಹಾಗಾಗಿ ನನ್ನ ಯೋಗ್ಯತೆ ಇನ್ನೂ ತಿಳಿಯದವರು. ಜೊತೆಗೆ ಕ್ಯಾಮೆರಾ ಹಿಡಿದ ಪೇದೆ. ಹಿಂದೆ ದಾರಿ ತೋರಿಸಲು ನಮ್ಮೂರ ಯಜಮಾನ ಖಮ್‌ಪುನ್. ಯಜಮಾನನಿಗೆ ಮನೆ ನಂಬರು ಹೇಳಿದ್ದರು, ಅವನು ಕರೆತಂದಿದ್ದ. ಹೆಸರು ಕೇಳಿದ್ದರೆ ಅವನೂ ಬೆಪ್ಪಾಗುತ್ತಿದ್ದ.

ಮೇಡಂ ಚಾಪೆಯ ಮೇಲೆ ಕೂತು ಫೈಲು ಬಿಚ್ಚಿದರು. ಅಕ್ಕ ನೀರು ತಂದಿಟ್ಟಳು. ನಾನು ಪಕ್ಕದಲ್ಲಿ ಸಾಕ್ಷಿಯ ಗಾಂಭೀರ್ಯದಲ್ಲಿ ಕೂತೆ.

"ನೀವೇನಾ ಸಮ್ನಿಯಂಗ್?"

"ಅಲ್ಲ ಮೇಡಂ," ಎಂದಳು ಅಕ್ಕ.

ನಾನು ಕುಡಿಯುತ್ತಿದ್ದ ನೀರು ಮೂಗಿಗೇರಿತು.

"ಅಲ್ವಾ? ಸಮ್ನಿಯಂಗ್ ಎಲ್ಲಿ?"

ಅಕ್ಕ ತಲೆ ತಗ್ಗಿಸಿದಳು. ಸುಳ್ಳು ಹೇಳುವವಳಲ್ಲ ಅವಳು. ಬಹಳ ಯೋಚಿಸಿ ಹೇಳಿದಳು: "ಸಮ್ನಿಯಂಗ್ ಇನ್ನಿಲ್ಲ ಮೇಡಂ."

ಮೇಡಂ ಪೆನ್ನು ಅಲ್ಲೇ ನಿಂತಿತು. ಪೇದೆ ಟೋಪಿ ತೆಗೆದ. ಬಾಗಿಲಲ್ಲಿದ್ದ ಯಜಮಾನ "ಅಯ್ಯೋ ಪಾಪ" ಎಂದ. ನಾನು ದಂಗಾಗಿ ಅಕ್ಕನ ಮುಖ ನೋಡಿದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಯಾವಾಗ?" ಮೇಡಂ ದನಿ ಮೆತ್ತಗಾಯಿತು.

"ಮಂಗಳವಾರ."

"ಇದೇ ಮಂಗಳವಾರವಾ! ಎಲ್ಲಿ? ಹೇಗೆ?"

"ತಾಲ್ಲೂಕು ಕಚೇರೀಲಿ. ಅರ್ಧ ಗಂಟೇಲಿ ಮುಗೀತು. ಸರತಿ ಸಾಲೂ ಇರಲಿಲ್ಲ."

"ತಾಲ್ಲೂಕು ಕಚೇರೀಲಾ! ಯಾರೂ ಇರಲಿಲ್ವಾ ಹತ್ತಿರ?"

"ಗುಮಾಸ್ತರಿದ್ರು. ಅವರೇ ಎಲ್ಲಾ ಮಾಡಿಕೊಟ್ರು. ತುಂಬಾ ಒಳ್ಳೆಯೋರು."

ಮೇಡಂ ಸುಧಾರಿಸಿಕೊಂಡು ಕೇಳಿದರು: "ಅವರ ಗಂಡ ಹೇಗಿದ್ದಾರೆ?"

"ಅವರಿಗೆ ಇನ್ನೂ ಹೇಳಿಲ್ಲ."

"ಏನು! ಹೆಂಡತಿ ಹೋಗಿದ್ದು ಗಂಡನಿಗೆ ಹೇಳಿಲ್ವಾ?"

"ಮುದ್ರೆ ಬಿದ್ದ ಮೇಲೆ ಹೇಳೋಣ ಅಂತ."

ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಬೆನ್ನ ಹಿಂದಿನಿಂದ ಕೈ ಹಾಕಿ ಚಿವುಟಿದೆ. ಅಕ್ಕ ನನ್ನ ಕೈಗೆ ಫಟ್ಟೆಂದು ಒಂದು ಕೊಟ್ಟಳು.

"ಹಾಗಾದ್ರೆ ತಾವು ಯಾರು?" ಮೇಡಂ ಈಗ ನೆಟ್ಟಗೆ ಕೂತರು.

"ಕನ್ಯಾಪಕ್." ಅಕ್ಕ ಹೊಸ ಗುರುತಿನ ಚೀಟಿ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಮೇಡಂ ಚೀಟಿ ನೋಡಿದರು, ಫೈಲಿನಲ್ಲಿದ್ದ ಸಮ್ನಿಯಂಗ್ ಚೀಟಿಯ ಪ್ರತಿ ನೋಡಿದರು. ಅದೇ ಮುಖ, ಅದೇ ಮೂಗು, ಅದೇ ಹುಟ್ಟಿದ ದಿನ. ಅವರ ಹುಬ್ಬು ಮೇಲೇರಿತು.

"ಅವಳಿ ಜವಳಿಯಾ?"

ಅಕ್ಕ ಒದ್ದಾಡಿದಳು. "ಹುಟ್ಟಿದ ದಿನ ಒಂದೇ ಮೇಡಂ. ಭಾನುವಾರ. ತಾಯಿನೂ ಒಬ್ಬಳೇ."

"ಈ ಮಂಚದ ಮೇಲಿನ ಫೋಟೋದಲ್ಲಿರೋರು ನೀವಾ, ಅವರಾ?"

"ಅದು ತೆಗೆದಾಗ ಅವಳು ಇನ್ನೂ ಇದ್ದಳು."

ಮೇಡಂ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. "ಸಾಕ್ಷಿ ನೀವಲ್ವಾ? ಹುಟ್ಟಿದಾಗಿಂದ ಬಲ್ಲೆ ಅಂತ ಬರೆದಿದ್ದೀರಿ. ಇವರಿಬ್ಬರೂ ನಿಮ್ಮ ಅಕ್ಕಂದಿರಾ? ಈ ವಿಷಯ ನಿಮಗೆ ಗೊತ್ತಿತ್ತಾ?"

ಓದುಗರೇ, ಇಲ್ಲೇ ನಾನು ಹಾಳಾದದ್ದು. ನಾಲಗೆಯ ಮೇಲೆ 'ಗೊತ್ತಿಲ್ಲ' ಎಂಬ ಮೂರೇ ಅಕ್ಷರ ಬಂದಿದ್ದರೆ ಸಾಕಿತ್ತು. ಆದರೆ ಒಬ್ಬ ಅಧಿಕಾರಿ, ಅದೂ ಫೈಲು ಹಿಡಿದ ಅಧಿಕಾರಿ, 'ಗೊತ್ತಾ' ಎಂದು ಕೇಳಿದಾಗ ಹತ್ತೊಂಬತ್ತು ವರ್ಷದ ಅಭ್ಯಾಸ ತಾನಾಗಿಯೇ ಬಾಯಿ ತೆರೆಸಿತು.

"ಗೊತ್ತಿಲ್ದೆ ಏನ್ ಮೇಡಂ! ಇಬ್ಬರೂ ನನ್ನ ಅಕ್ಕಂದಿರೇ. ಎಲ್ಲಾ ನನಗೆ ಗೊತ್ತು."

ಅಕ್ಕ ಹೌಹಾರಿ ನನ್ನತ್ತ ನೋಡಿದಳು. ನನಗೇ ಗೊತ್ತಿಲ್ಲದ ಅಕ್ಕನೊಬ್ಬಳು ಒಂದೇ ಉಸಿರಿನಲ್ಲಿ ಹುಟ್ಟಿ, ಮಂಗಳವಾರ ಸತ್ತೂ ಆಗಿತ್ತು.

ಮೇಡಂ ಫೈಲು ಮುಚ್ಚಿದರು. "ನನಗೂ ಬೇಜಾರಾಗ್ತಿದೆ. ಆದರೆ ಕಾನೂನು ಕಾನೂನೇ. ಹೆಂಡತಿ ಇಲ್ಲ ಅಂದಮೇಲೆ ಹೆಂಡತಿ ಆಧಾರದ ಅನುಮತಿ ಹೇಗೆ ಕೊಡೋದು? ಅವರು ಬಂದ ಮೇಲೆ ನಾನೇ ನಿಧಾನವಾಗಿ ಹೇಳ್ತೀನಿ. ಏಳು ದಿನ ಸಿಗುತ್ತೆ. ಅಷ್ಟರೊಳಗೆ ಕರ್ಮಾಂತರ ಮುಗಿಸ್ಕೊಂಡು ಹೊರಡಲಿ."

ಏಳು ದಿನ ಎಂದದ್ದೇ ತಡ, ಅಕ್ಕನ ಮುಖ ಸುಣ್ಣವಾಯಿತು. ಈಗ ಬಾಯಿ ಬಿಟ್ಟರೆ ಅನಿಷ್ಟ, ಬಿಡದಿದ್ದರೆ ಗಂಡ ಹೋದ. ಅವಳು ಎದ್ದು ಮಲಗುವ ಕೋಣೆಗೆ ಓಡಿ ಅಗುಳಿ ಹಾಕಿಕೊಂಡಳು.

ಅದೇ ಹೊತ್ತಿಗೆ ಊರ ಧ್ವನಿವರ್ಧಕ ಗೊರಗೊರ ಎಂದಿತು. ಯಜಮಾನ ಖಮ್‌ಪುನ್ ಯಾವಾಗಲೋ ಜಾರಿಕೊಂಡು ತನ್ನ ಮನೆ ಸೇರಿದ್ದ. ಅವನಿಗೆ ಜನ್ಮದಲ್ಲಿ ಇರುವುದು ಒಂದೇ ಸುಖ, ಆ ಮೈಕು.

"ಹಲೋ, ಹಲೋ... ಊರಿನ ಬಂಧುಗಳಲ್ಲಿ ವಿನಂತಿ. ನಮ್ಮೂರಿನ ಸಮ್ನಿಯಂಗ್ ಅವರು ಇದೇ ಮಂಗಳವಾರ ತಾಲ್ಲೂಕು ಕಚೇರೀಲಿ ತೀರಿಕೊಂಡರು ಅಂತ ತಿಳಿಸೋಕೆ ವಿಷಾದ ಆಗುತ್ತೆ. ಏಡಿ ಪೂ ಮನೇಲಿ ಎಲ್ಲಾ ಸೇರಬೇಕು. ಪಾತ್ರೆ ಕೊಡೋರು ಪಾತ್ರೆ, ಕುರ್ಚಿ ಕೊಡೋರು ಕುರ್ಚಿ..."

ನಮ್ಮೂರಲ್ಲಿ ಸಾವೆಂದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಐದು ನಿಮಿಷದಲ್ಲಿ ಅಂಗಳ ತುಂಬಿತು. ಅಕ್ಕಿ ಚೀಲ ಬಂತು, ಹಂಡೆ ಬಂತು, ಪ್ಲಾಸ್ಟಿಕ್ ಕುರ್ಚಿಗಳು ಬಂದವು.

"ಸಮ್ನಿಯಂಗ್ ಅಂದ್ರೆ ಯಾರಲೇ?"

"ಯಾರಾದ್ರೇನು, ಸತ್ತಿದ್ದಾಳೆ. ಆ ಕಡೆ ಹಿಡಿ ಹಂಡೇನ."

"ತಾಲ್ಲೂಕು ಕಚೇರೀಲಿ ಕಾದು ಕಾದು ಸತ್ತಳಂತೆ."

"ಇನ್ನೇನಾಗುತ್ತೆ ಮತ್ತೆ! ನಾನೂ ಒಂದ್ಸಲ ಹೋಗೋದ್ರಲ್ಲಿದ್ದೆ ಅಲ್ಲಿ."

ಲಮೈ ದೊಡ್ಡಮ್ಮ ಅಕ್ಕಿ ಪಾತ್ರೆ ಇಳಿಸಿ, ನಡುಮನೆಯಲ್ಲಿ ಕೂತು, ಎದೆ ಬಡಿದುಕೊಂಡು ಶುರುಮಾಡಿದರು: "ಅಯ್ಯೋ ಸಮ್ನಿಯಂಗೇ! ನನ್ನ ಚಿನ್ನದಂಥ ಮಗಳೇ! ನಿನ್ನೆ ಮೊನ್ನೆ ನಿನ್ನ ಎತ್ತಿ ಆಡಿಸಿದ ಹಾಗಿದೆಯಲ್ಲೇ!" ಇಷ್ಟು ಹೇಳಿ ಮೂಗು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು. "ಯಾರೋ ಜುಕ್ ಅದು?"

ನಾನು ಎದ್ದು ಕುರ್ಚಿ ಜೋಡಿಸತೊಡಗಿದೆ.

ಊರಿಗೆ ಯಾರಿಗೂ ಗೊತ್ತಿಲ್ಲದ ಆ ಹೆಸರು, ಅಕ್ಕನನ್ನೂ ನನ್ನನ್ನೂ ಬಿಟ್ಟರೆ, ಒಬ್ಬನಿಗೆ ಮಾತ್ರ ಗೊತ್ತಿತ್ತು. ಭಾವ. ಮದುವೆಯ ದಿನ ಕಾಗದದಲ್ಲಿ ಓದಿದ್ದೇ ಅವನ ಬಾಯಲ್ಲಿ ನಿಂತಿತ್ತು. ಹೆಂಡತಿಯನ್ನು ಏಡಿ ಎಂದು ಹೇಗೆ ಕರೆಯಲಿ ಎಂದು ಅವನು ಒಂದು ದಿನವೂ ಪೂ ಎಂದಿರಲಿಲ್ಲ. ಮನೆಯೊಳಗೆ, ಅವರಿಬ್ಬರೇ ಇದ್ದಾಗ, ಅವಳು ಸಮ್ನಿಯಂಗ್. ಮಂಗಳವಾರದಿಂದ ಈಚೆಗೆ ಅವನು ಕರೆದಾಗಲೆಲ್ಲ ಅವಳು ಓಗೊಡದೆ ಎದುರಿಗೆ ಬಂದು ನಿಲ್ಲುತ್ತಿದ್ದಳಂತೆ. ಕ್ಷೌರದಂಗಡಿಯ ತಲೆಯ ಮೇಲೇ ಒಂದು ಧ್ವನಿವರ್ಧಕವಿದೆ. ಕ್ಷೌರಿಕ ಆಮೇಲೆ ಹೇಳಿದ, "ನಾನು ಕತ್ತಿ ಎತ್ತಿದ್ದೆ, ಅಷ್ಟರಲ್ಲಿ ಕುರ್ಚಿ ಖಾಲಿ" ಎಂದು.

ಬಸ್ಸಿನ ಮೂರು ಮೆಟ್ಟಿಲು ಹತ್ತಲಾರದ ಮನುಷ್ಯ ಅರ್ಧ ಮೈಲಿ ಓಡಿ ಬಂದ. ಕೊರಳಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಒಂದು ಕೆನ್ನೆ ಬೋಳು, ಇನ್ನೊಂದು ಕೆನ್ನೆಯಲ್ಲಿ ಗಡ್ಡ ಮತ್ತು ನೊರೆ. ಅಂಗಳದಲ್ಲಿ ಕುರ್ಚಿ, ಹಂಡೆ, ಅಳು ಎಲ್ಲಾ ನೋಡಿ ಅವನು ಹೊಸ್ತಿಲಲ್ಲೇ ಮಂಡಿಯೂರಿದ. ಅಂಥ ಅಳು ನಾನು ಕೇಳಿಲ್ಲ.

ಪ್ರಾನೊಮ್ ಮೇಡಂ ಅವನ ಹತ್ತಿರ ಹೋಗಿ ಬಾಗಿದರು. "ಸಮಾಧಾನ ಮಾಡ್ಕೊಳ್ಳಿ. ಆಗಿದ್ದು ಆಗೋಯ್ತು. ಮಂಗಳವಾರವೇ..."

"ಮಂಗಳವಾರ?" ಭಾವ ತಲೆಯೆತ್ತಿದ. "ಇವತ್ತು ಶುಕ್ರವಾರ ಖಾ. ಇವತ್ತು ಬೆಳಿಗ್ಗೆ ಸಮ್ನಿಯಂಗ್ ನನಗೆ ಗಂಜಿ ಕೊಟ್ಟಳು ಖಾ!"

ಅಳು ನಿಂತಿತು. ಯಾರ ಕೈಯಿಂದಲೋ ಸೌಟು ಬಿತ್ತು.

"ಯಾವಾಗ?" ಮೇಡಂ ದನಿ ಸಣ್ಣಗಾಗಿತ್ತು.

"ಏಳು ಗಂಟೆಗೆ ಖಾ. ಮೊಟ್ಟೆನೂ ಹಾಕಿದ್ದಳು. ನಿನ್ನೆ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಕೈ ತಣ್ಣಗಿತ್ತು ಖಾ."

ಜನ ಒಂದು ಹೆಜ್ಜೆ ಹಿಂದೆ ಸರಿಯಿತು. ಸತ್ತು ಮೂರು ದಿನವಾದರೂ ಗಂಡನಿಗೆ ಗಂಜಿ ಬೇಯಿಸುವ ಹೆಂಡತಿ! ಪೇದೆ ಕ್ಯಾಮೆರಾ ಬಿಟ್ಟು ಕೊರಳಿನ ತಾಯತ ಹಿಡಿದುಕೊಂಡ. ಮೇಡಂ ಕೈಯೂ ಅಂಗಿಯ ಗುಂಡಿಯ ಹತ್ತಿರ ಏನೋ ಹುಡುಕುತ್ತಿತ್ತು.

ಭಾವ ಅವರನ್ನೆಲ್ಲ ತಳ್ಳಿಕೊಂಡು ಮುಚ್ಚಿದ ಕೋಣೆಯ ಬಾಗಿಲಿಗೆ ಬಂದ. ದೇಹ ಒಳಗಿದೆ ಎಂದುಕೊಂಡನೋ ಏನೋ, ಬಾಗಿಲಿಗೆ ಹಣೆ ಒತ್ತಿದ.

"ಸಮ್ನಿಯಂಗ್!"

ಒಳಗೆ ಸದ್ದಿಲ್ಲ.

"ಸಮ್ನಿಯಂಗ್! ನಾನು ಕ್ಷೌರಕ್ಕೆ ಹೋಗಬಾರದಿತ್ತು ಖಾ! ಸಮ್ನಿಯಂಗ್!"

ಒಳಗಿದ್ದವಳ ಸ್ಥಿತಿ ಈಗ ನಿಮಗೆ ಗೊತ್ತು. ಓಗೊಟ್ಟರೆ ಗಂಡನನ್ನು ಕಳೆದುಕೊಳ್ಳುತ್ತೇನೆ ಎಂದು ಅವಳು ಮನಸಾರೆ ನಂಬಿದ್ದಳು. ಆಮೇಲೆ ನೋಡಿದರೆ ಹೊದಿಕೆಯ ತುದಿ ಬಾಯಿಗೆ ತುರುಕಿಕೊಂಡು ಕಚ್ಚಿ ಕಚ್ಚಿ ತೂತು ಮಾಡಿದ್ದಳು. ಆದರೆ ಹೊರಗೆ ಆರಡಿಯ ಗಂಡಸು ಮಗುವಿನ ಹಾಗೆ ಬಿಕ್ಕುತ್ತಿದ್ದ. ನಾಲ್ಕನೇ ಸಲ ಹೆಸರು ಹೇಳಲು ಹೋಗಿ ಅವನಿಗೆ ಉಸಿರೇ ಬರಲಿಲ್ಲ.

ಆಗ ಬಾಗಿಲ ಹಿಂದಿನಿಂದ ಬಂತು: "ಓ!... ಇಲ್ಲೇ ಇದ್ದೀನ್ರೀ!"

ಮುಂದಿನ ಅರ್ಧ ನಿಮಿಷದಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳಲಾರೆ. ದೊಡ್ಡಮ್ಮ "ಎದ್ದಳಪ್ಪೋ!" ಎಂದು ಕಿರುಚಿ ಅಕ್ಕಿ ಪಾತ್ರೆಯ ಮೇಲೆ ಬಿದ್ದರು. ಕುರ್ಚಿಗಳು ಮಗುಚಿದವು. ಪೇದೆ ಬೇಲಿ ಹಾರಿ ಗದ್ದೆಯಲ್ಲಿ ಕಂಡ. ಎಲ್ಲರಿಗಿಂತ ಮುಂದೆ ಓಡಿದವನು, ಮೈಕು ಮುಗಿಸಿ ಆಗಷ್ಟೇ ಬಂದಿದ್ದ ಯಜಮಾನ ಖಮ್‌ಪುನ್. ಮೇಡಂ ಮಾತ್ರ ಓಡಲಿಲ್ಲ, ಏಕೆಂದರೆ ನಾನು ಅವರ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅಗುಳಿ ತೆಗೆಯಿತು. ಅಕ್ಕ ಹೊರಗೆ ಬಂದಳು. ಭಾವ ಅವಳ ಮುಖ ಮುಟ್ಟಿದ, ಕೈ ಮುಟ್ಟಿದ, ಕಾಲು ನೆಲಕ್ಕೆ ತಾಗಿದೆಯೋ ಎಂದೂ ಬಗ್ಗಿ ನೋಡಿದ. ಆಮೇಲೆ ಹಿಡಿದುಕೊಂಡ ಹಿಡಿತಕ್ಕೆ ಅಕ್ಕನ ಅರ್ಧ ಮುಖ ನೊರೆಯಾಯಿತು.

ಅವಳು ಮಾತ್ರ ಹಣೆ ಬಡಿದುಕೊಂಡು ಗೊಳೋ ಎಂದಳು. "ಓಗೊಟ್ಟುಬಿಟ್ಟೆ! ಹಾಳು ಬಾಯಿ ತಡೀಲಿಲ್ಲ! ಹೋಯ್ತು, ಎಲ್ಲಾ ಹೋಯ್ತು! ಇನ್ನು ನಿಮ್ಮನ್ನ ಕಳಿಸಿಬಿಡ್ತಾರೆ!"

ಅಳುತ್ತಲೇ ಎಲ್ಲಾ ಹೊರಗೆ ಬಂತು: ಗುರುಗಳು, ಭಾನುವಾರ, 'ಸ' ಅಕ್ಷರ, ಮಂಗಳವಾರದ ಅರ್ಧ ಗಂಟೆ. ಬುದ್ಧನ ಪೀಠದ ಕೆಳಗಿನಿಂದ ಹೆಸರು ಬದಲಾವಣೆಯ ಪತ್ರ ತೆಗೆದುಕೊಟ್ಟಳು. ಮೇಡಂ ಅದನ್ನು ಎರಡು ಸಲ ಓದಿದರು. ಅವರ ಮುಖ ಕೆಂಪಾಯಿತು.

"ಈ ಒಂದು ಕಾಗದ ಫೈಲಿಗೆ ಹಾಕಿದ್ರೆ ಮುಗೀತಿತ್ತಲ್ರೀ ತಾಯಿ!" ಎಂದು ನನ್ನ ಕಡೆ ತಿರುಗಿದರು. "ಏನ್ರೀ ಸಾಕ್ಷಿಗಳೇ? ಎಲ್ಲಾ ಗೊತ್ತು ಅಂದ್ರಲ್ಲ? ಇಬ್ಬರು ಅಕ್ಕಂದಿರು ಅಂದ್ರಲ್ಲ? ಸುಳ್ಳು ಸಾಕ್ಷಿಗೆ ಏನಾಗುತ್ತೆ ಅನ್ನೋದೂ ಗೊತ್ತಿರಬೇಕಲ್ಲ?"

ಬೇಲಿಯಾಚೆಯಿಂದ ಜನ ಒಬ್ಬೊಬ್ಬರಾಗಿ ತಲೆಯೆತ್ತಿ ನೋಡುತ್ತಿದ್ದರು. ಎಲ್ಲರೂ ನನ್ನ ಗಿರಾಕಿಗಳೇ.

"ಇಲ್ಲ ಮೇಡಂ," ಎಂದೆ. "ನನಗೇನೂ... ಗೊತ್ತಿರಲಿಲ್ಲ."

"ಜೋರಾಗಿ ಹೇಳೋ, ಇಲ್ಲಿ ಕೇಳಿಸ್ಲಿಲ್ಲ!" ಎಂದರು ಲಮೈ ದೊಡ್ಡಮ್ಮ, ಅಕ್ಕಿ ಝಾಡಿಸಿಕೊಳ್ಳುತ್ತ.

ಮತ್ತೆ ಹೇಳಿದೆ. ಇನ್ನೂ ಬದುಕಿದ್ದೇನೆ, ಅದೇ ಆಶ್ಚರ್ಯ.

ಮೇಡಂ ಕೂತರು. ಚದುರಿದ ಹಾಳೆಗಳನ್ನು ಜೋಡಿಸಿಕೊಂಡರು. ಪೇದೆಯನ್ನು ಗದ್ದೆಯಿಂದ ಕರೆಸಿದರು. ಅವನ ಪ್ಯಾಂಟು ಮಂಡಿಯವರೆಗೆ ಕೆಸರು. "ಏನೇ ಆಗಲಿ, ಗಂಡನ್ನ ಕೇಳಬೇಕಾದ್ದು ಕೇಳಲೇಬೇಕು," ಎಂದು ಭಾವನ ಮುಖ ನೋಡಿದರು. "ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಇದು ದಾಖಲೆಗೆ ಹೋಗುತ್ತೆ. ನಿಮ್ಮ ಹೆಂಡತಿ ಹೆಸರೇನು?"

ಭಾವ ಅಕ್ಕನನ್ನು ನೋಡಿದ. ಹಳೆಯದು ಹೇಳಿದರೆ ಅವಳು ಅಳುತ್ತಾಳೆ. ಹೊಸದು ಅವನಿಗೆ ಬಾಯಿಪಾಠ ಆಗಿಲ್ಲ. ತಪ್ಪಿದರೆ ಏಳು ದಿನ. ಅವನ ಗಲ್ಲದ ಮೇಲಿನ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಅಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಬಹಳ ಮೆಲ್ಲಗೆ ಹೇಳಿದ:

"ಯಾವ ಹೆಸರು ಹೇಳಿದ್ರೆ ನನ್ನನ್ನ ಇವಳ ಹತ್ತಿರ ಬಿಡ್ತೀರೋ, ಆ ಹೆಸರು ಖಾ."

ಯಾರೂ ನಗಲಿಲ್ಲ. ಮೇಡಂ ಪೆನ್ನು ತೆಗೆದು ಬರೆಯತೊಡಗಿದರು. ಉಲ್ಟಾ ಓದುವುದರಲ್ಲಿ ನಾನು ಪಳಗಿದವನು, ಹತ್ತೊಂಬತ್ತು ವರ್ಷದ ವಿದ್ಯೆ. 'ಗಂಡ ಹೆಂಡತಿಯನ್ನು ಗುರುತಿಸಿದ್ದಾರೆ' ಎಂದು ಬರೆದಿದ್ದರು.

"ಒಂದು ವರ್ಷಕ್ಕೆ ಶಿಫಾರಸು ಮಾಡ್ತೀನಿ," ಎಂದರು, ಮೂಗು ಒರೆಸಿಕೊಂಡು. "ಸಾಕಾ?"

ಭಾವ ಅಕ್ಕನ ಕೈ ಬಿಡದೆ ತಲೆಯಾಡಿಸಿದ.

"ಸಾಲಲ್ಲ ಖಾ."